ಅಳತೆಗೆ ನಿಂತವನು

"ಅದನ್ನ ಅತ್ಲಾಗಿಡು ಗಂಗರಾಜು! ಅಮ್ಮನ ಮೈಮೇಲೆ ಆ ಸೀರೆ ಬೀಳಕೂಡದು," ಎಂದು ರಾಮಲಕ್ಷ್ಮಮ್ಮ ಅವನ ಕೈಯನ್ನೇ ಹಿಂದಕ್ಕೆ ತಳ್ಳಿದಳು.

ಗಂಗರಾಜು ಅವಳ ಚಿಕ್ಕಪ್ಪನ ಮಗ. ಬೆಳಿಗ್ಗೆಯಿಂದ ಗುಂಡಿ ತೋಡಿಸಿ, ಚಟ್ಟ ಕಟ್ಟಿಸಿ ಸುಸ್ತಾಗಿದ್ದ. "ತವರಿನ ಸೀರೆ ಹೊದಿಸದೆ ಎತ್ತೋ ಹಂಗಿಲ್ಲ. ದೊಡ್ಡಮ್ಮಂಗೆ ತವರಲ್ಲಿ ಯಾರವ್ರೆ? ಅದಕ್ಕೇ ನಾನೇ ಗೌರಿಬಿದನೂರಿಗೆ ಹೋಗಿ ತಂದೆ."

"'ನನ್ನ ತಮ್ಮನ ಕೈಯಿಂದಲೇ ಬರ್ಬೇಕು' ಅಂತ ಅಮ್ಮ ಮಾತು ತಗೊಂಡವ್ಳೆ ಕಣೋ."

"ಎಂಬತ್ತು ವರ್ಷದಿಂದ ಬರದೋನು ಇವತ್ತು ಬತ್ತಾನೇನಕ್ಕ? ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕೋ ಬೇಡ್ವೋ?"

ಅಂಗಳದಲ್ಲಿ ಅಮ್ಮ, ತಲೆಯ ಮೇಲೆ ಕೊಟ್ಟ ಮಾತು. ಪಾಪ, ರಾಮಲಕ್ಷ್ಮಮ್ಮನಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

* * *

ಅದು ಯುದ್ಧದ ಕಾಲ. ಬರ್ಮಾದ ರಂಗೂನಿನ ಮೇಲೆ ಬಾಂಬು ಬಿದ್ದು, ಅಲ್ಲಿ ದುಡಿಯುತ್ತಿದ್ದ ಅಪ್ಪ ಅಮ್ಮ ಇಬ್ಬರೂ ಹೋದಾಗ ರಾಮಲಕ್ಷ್ಮಮ್ಮನ ತಾಯಿ ವೆಂಕಟರತ್ನಮ್ಮನಿಗೆ ಎಂಟು ವರ್ಷ, ತಮ್ಮ ನರಸಿಂಹನಿಗೆ ಐದು. ಊರು ಬಿಟ್ಟವರ ಹಿಂದೆ ಮಕ್ಕಳಿಬ್ಬರೂ ಕಾಡು ಬೆಟ್ಟ ನಡೆದರು. ಹೊಳೆ ದಾಟುವ ದೋಣಿಗೆ ಜನ ಮುಗಿಬಿದ್ದಾಗ ಅವಳು ತಮ್ಮನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದಳು. ಅಂಗಿ ಹರಿಯಿತು. ಆಚೆ ದಡಕ್ಕೆ ಬಂದಾಗ ಕೈಯಲ್ಲಿ ತುಂಡು ಬಟ್ಟೆಯಿತ್ತು, ತಮ್ಮನಿರಲಿಲ್ಲ.

ನಿರಾಶ್ರಿತರ ಶಿಬಿರದವರು ರೈಲು ಹತ್ತಿಸಿ ಗೌರಿಬಿದನೂರಿಗೆ, ತಾತನ ಮನೆಗೆ ಕಳಿಸಿದರು. ಸುಮ್ಮನೆ ಕೂರುವ ಜೀವವೇ ಅದು? ಶಿಬಿರಗಳಿಗೆಲ್ಲ ಕಾಗದ ಬರೆಸಿದಳು. ಗೌರಿ ಹಬ್ಬ ಬಂತೆಂದು ದರ್ಜಿ ಅಂಗಡಿಗೆ ಹೋಗಿ, ದರ್ಜಿಯ ಮಗ ಮುನಿಶಾಮಿಯನ್ನು ಎಳೆದು ನಿಲ್ಲಿಸಿದಳು. "ನನ್ನ ತಮ್ಮಂಗೂ ಇಷ್ಟೇ ವಯಸ್ಸು. ಇವನ ಅಳತೆಗೊಂದು ಅಂಗಿ ಹೊಲ್ಕೊಡಪ್ಪ. ಅವಂದು ಹರಿದೋಗೈತೆ."

ಅಂದಿನಿಂದ ಪ್ರತಿ ಹಬ್ಬಕ್ಕೂ ಒಂದು ಅಂಗಿ. ಮುನಿಶಾಮಿಯ ಎದೆ ಅಗಲವಾದಂತೆ ಅಂಗಿಯೂ ಅಗಲವಾಯಿತು, ಅವನು ಕುಗ್ಗಿದಂತೆ ಅದೂ ಕುಗ್ಗಿತು. ಎಲ್ಲವೂ ಅವಳ ಟ್ರಂಕಿನಲ್ಲಿದ್ದವು.

* * *

ಮುನಿಶಾಮಿ ಕೋಲೂರಿಕೊಂಡು ಅಂಗಳಕ್ಕೆ ಬಂದು ಕಾಗದದ ಪೊಟ್ಟಣ ಬಿಚ್ಚಿದ. ಒಂದು ಬಿಳಿ ಅಂಗಿ, ಅದರಡಿಯಲ್ಲಿ ಹಸಿರು ಸೀರೆ.

"ಅಂಗಿ ಅಕ್ಕ ಈ ಹಬ್ಬಕ್ಕೆ ಹೇಳಿದ್ದು. ಸೀರೆ ನಂದು. ನಾನು ನರಸಿಂಹ ಅಲ್ಲ ಕಣಮ್ಮ, ಬರೀ ಅಳತೆಗೆ ನಿಂತೋನು. ಬೇಡ ಅಂದ್ರೆ ವಾಪಸ್ ತಗೊಂಡೋಗ್ತೀನಿ."

"ಇವರದ್ದು ಆಗೋದಾದ್ರೆ ನನ್ನ ಸೀರೆ ಏನು ಪಾಪ ಮಾಡಿತ್ತು?" ಗಂಗರಾಜು ರೇಗಿದ.

ರಾಮಲಕ್ಷ್ಮಮ್ಮ ಹಸಿರು ಸೀರೆಯನ್ನೇ ನೋಡಿದಳು. ಈ ಸೀರೆ ಒಪ್ಪಿದರೆ ನರಸಿಂಹ ಇನ್ನು ಬರುವುದಿಲ್ಲವೆಂದು ತಾನೇ ಒಪ್ಪಿದ ಹಾಗೆ. ಒಪ್ಪದಿದ್ದರೆ, ಎಂಬತ್ತು ವರ್ಷ ಅಮ್ಮನ ಮುಂದೆ ಅಳತೆಗೆಂದು ಕೈ ಚಾಚಿ ನಿಂತವನನ್ನು ಬಾಗಿಲಿಂದ ಕಳಿಸಿದ ಹಾಗೆ.

ಅವಳು ಒಳಗೆ ಹೋಗಿ ಟ್ರಂಕಿಗೆ ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಅದರಲ್ಲಿರೋವೆಲ್ಲ ಅವನು ಬಂದಾಗ ಅವನಿಗೆ. ಹುಡುಕೋದು ನಾನು ಬಿಡಲ್ಲ. ಮುಂದಿನ ಹಬ್ಬಕ್ಕೂ ಬಟ್ಟೆ ತರ್ತೀನಿ, ಅಳತೆಗೆ ನೀವೇ ನಿಲ್ಲಬೇಕು." ಬಿಳಿ ಅಂಗಿಯ ಮಡಿಕೆ ಬಿಡಿಸಿದಳು. "ಇದೊಂದು ನಿಮ್ದು. ಹಾಕ್ಕಳಿ, ಮಾವ."

ಮುದುಕ ಅಂಗಿಯೊಳಗೆ ತೋಳು ತೂರಿಸಿದ. ಗುಂಡಿಗಳನ್ನು ಅವಳೇ ಹಾಕಿದಳು. ಗಂಗರಾಜು ತನ್ನ ಸೀರೆ ಎತ್ತಿಕೊಂಡು ಪಕ್ಕಕ್ಕೆ ಸರಿದ.

ಮುನಿಶಾಮಿ ಸೀರೆಯ ಅಂಚು ಹಿಡಿದು, ಅಳತೆಗೆ ನಿಲ್ಲುತ್ತಿದ್ದ ಹಾಗೆಯೇ ಎರಡೂ ಕೈ ಅಗಲಿಸಿ, ಅಕ್ಕನ ಮೇಲೆ ಬಾಗಿದ. ಅಂಗಿಯ ತೋಳು ಸರಿಯಾಗಿ ಮಣಿಕಟ್ಟಿಗೆ ಬಂದಿತ್ತು.