ನೆಲ ಡೊಂಕು

ಮೇಲಿನಿಂದ ತೆಗೆದ ವಿಡಿಯೊ ಅಲುಗಾಡಿದರೆ ಬೈಗುಳ ತಿನ್ನುವವನು ಡ್ರೋನ್ ಹಾರಿಸಿದವನೇ. ಆ ಮನೆಯಲ್ಲಂತೂ ಇದಕ್ಕೆ ಎರಡನೇ ಮಾತಿರಲಿಲ್ಲ. ಮಹಡಿಯ ಕೋಣೆಯಲ್ಲಿ ಕೂತು ಎಡಿಟಿಂಗ್ ಮಾಡುವವಳು ಅತ್ತಿಗೆ, ಹಾರಿಸುವವನು ಅವಳ ಮೈದುನ. ಒಂದು ಕಡೆ ಕಾಲು ನಿಲ್ಲದ ಅವನನ್ನು ಚಿಕ್ಕಂದಿನಿಂದಲೂ ಎಲ್ಲರೂ ಗಾಳಿಪಟ ಎಂದೇ ಕರೆಯುತ್ತಿದ್ದರು. ಅತ್ತೆ ಕಣ್ಣು ಮುಚ್ಚುವ ಮೊದಲು ಅವನ ಕೈಯನ್ನು ಇವಳ ಕೈಯಲ್ಲಿಟ್ಟಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಅಂದಿನಿಂದ ಅವನಿಗೆ ಉಣ್ಣಿಸುವ ಹಕ್ಕೂ ಬೈಯುವ ಹಕ್ಕೂ ಅವಳದೇ.

ಆ ಬೆಳಿಗ್ಗೆ ಬೈದದ್ದು ತುಸು ಹೆಚ್ಚೇ ಆಯಿತು. ಹೊಸ ಫ್ಲ್ಯಾಟುಗಳ ಜಾಹೀರಾತಿಗಾಗಿ ಬಡಾವಣೆಯನ್ನು ಮೇಲಿನಿಂದ ತೋರಿಸಬೇಕಿತ್ತು. ನಟ್ಟನಡುವೆ ಕಂಬಗಳ ಮೇಲೆ ನಿಂತ ಹಳೆಯ ನೀರಿನ ಟ್ಯಾಂಕು, ಸುತ್ತ ಬೀದಿ, ಮನೆಗಳು. ಅಲುಗಾಟ ನಿಲ್ಲಿಸಲು ಚಿತ್ರದಲ್ಲಿ ಒಂದು ಚುಕ್ಕೆ ಆರಿಸಿಕೊಡಬೇಕು. ಕಂಪ್ಯೂಟರು ಆ ಚುಕ್ಕೆಯನ್ನು ಕದಲದಂತೆ ಹಿಡಿದು ಉಳಿದದ್ದನ್ನೆಲ್ಲ ಅದಕ್ಕೆ ತಕ್ಕಂತೆ ಸರಿಸುತ್ತದೆ. ಅವರ ಮನೆಮಾತಿನಲ್ಲಿ ಇದು ಮೊಳೆ ಹೊಡೆಯುವುದು. ಅತ್ತಿಗೆ ಎಂದಿನಂತೆ, ಎದ್ದು ಕಾಣುವ ವಸ್ತುವಿಗೇ, ಅಂದರೆ ಟ್ಯಾಂಕಿನ ನೆತ್ತಿಯ ಕಂಬಿಗೆ ಮೊಳೆ ಹೊಡೆದಳು. ಟ್ಯಾಂಕು ನಿಂತಿತು, ಆದರೆ ಬೀದಿಯೂ ಮನೆಗಳೂ ಕುಡಿದವರ ಹಾಗೆ ತೂಗಾಡತೊಡಗಿದವು.

“ನನ್ನ ಕೈ ನಡುಗಿಲ್ಲ ಅತ್ತಿಗೆ. ಗಾಳಿನೂ ಇರ್ಲಿಲ್ಲ” ಎಂದ ಗಾಳಿಪಟ.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಹೋಗು, ಇನ್ನೊಂದ್ಸಲ ತಗೊಂಡು ಬಾ. ಎಲ್ಲಾದ್ರೂ ಎತ್ತರದಲ್ಲಿ ನಿಂತು ಹಾರಿಸು. ಫೋನನ್ನ ಫ್ಲೈಟ್ ಮೋಡಿಗೆ ಹಾಕೋದು ಮರೀಬೇಡ.”

ಡ್ರೋನಿಗೆ ಕಂಡದ್ದು ರಿಮೋಟಿಗೆ ಸಿಕ್ಕಿಸಿದ ಅವನ ಫೋನಿನಲ್ಲಿ ಕಾಣುತ್ತದೆ. ನಡುವೆ ಯಾರದಾದರೂ ಕರೆ ಬಂದರೆ ಚಿತ್ರ ಹೋಗಿ ಕೆಲಸ ಕೆಡುತ್ತದೆ. ಹಾಗಾಗಿ ಹಾರಿಸುವ ಮುನ್ನ ಫೋನಿನ ಬಾಯಿ ಕಟ್ಟಬೇಕೆಂದು ಅವಳೇ ತಲೆಗೆ ಮೊಟಕಿ ಕಲಿಸಿದ್ದಳು. ಅವನು ಮುಖ ಊದಿಸಿಕೊಂಡೇ ಹೊರಟ. ಆ ಬೀದಿಯಲ್ಲಿ ಟ್ಯಾಂಕಿಗಿಂತ ಎತ್ತರದ ಜಾಗವಿಲ್ಲ, ನೀರು ಬಿಡುವವನನ್ನು ಕೇಳಿ ಅದರ ತಲೆಯ ಮೇಲೇ ಹತ್ತುತ್ತೇನೆ ಎಂದು ಬಾಗಿಲಲ್ಲಿ ನಿಂತು ಹೇಳಿದ. ಅವಳು ಪರದೆಯಿಂದ ಮುಖ ತಿರುಗಿಸದೆ, ಹತ್ತು ಎಂದಳು.

ಅವನು ಹೋದ ಮೇಲೆ ಕರುಳು ಚುರುಕ್ಕೆಂದಿತು. ಇದ್ದ ವಿಡಿಯೊವನ್ನೇ ಇನ್ನೊಮ್ಮೆ ತಿದ್ದೋಣ, ಸರಿಹೋದರೆ ಪಾಪದವನಿಗೆ ಒಂದು ಸುತ್ತು ಉಳಿದೀತು ಎಂದು ಕೂತಳು. ಈ ಸಲ ಬೀದಿಯ ಮ್ಯಾನ್‌ಹೋಲ್ ಮುಚ್ಚಳಕ್ಕೆ ಮೊಳೆ ಹೊಡೆದಳು. ಬೀದಿ ನಿಂತಿತು, ಮನೆಗಳು ನಿಂತವು, ಗೋಡೆಗೆ ಒರಗಿಸಿದ ಸೈಕಲ್ಲೂ ನಿಂತಿತು. ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಕೂಡ ಕದಲಲಿಲ್ಲ. ಗಾಳಿ ಇರಲಿಲ್ಲ ಎಂದು ಅವನು ಹೇಳಿದ್ದು ನಿಜ. ಕದಲುತ್ತಿದ್ದದ್ದು ಟ್ಯಾಂಕೊಂದೇ. ಅದು ನಿಧಾನವಾಗಿ ಒಂದು ಕಡೆಗೆ ವಾಲಿ, ಮತ್ತೆ ಇನ್ನೊಂದು ಕಡೆಗೆ ವಾಲುತ್ತಿತ್ತು.

ಕಣ್ಣೇ ಮೋಸ ಮಾಡುತ್ತಿರಬೇಕೆಂದು ಒಂದು ಮನೆಯ ಹೊಸ್ತಿಲಿಗೆ ಮೊಳೆ ಹೊಡೆದು ನೋಡಿದಳು. ಆಗಲೂ ಟ್ಯಾಂಕೇ ವಾಲಿತು. ಚಿತ್ರವನ್ನು ದೊಡ್ಡದು ಮಾಡಿದರೆ, ಒಂದು ಕಂಬದ ಬುಡದಲ್ಲಿ ಕಪ್ಪು ಬಿರುಕೊಂದು ಬಾಯಿ ತೆರೆದು ಮುಚ್ಚುತ್ತಿತ್ತು. ಹುಡುಗ ಸತ್ಯ ಹೇಳಿದ್ದ, ಅವಳು ಗಾದೆ ಹೇಳಿದ್ದಳು. ಈಗ ಅವನು ಆ ಟ್ಯಾಂಕಿನ ಮೇಲಿದ್ದಾನೆ.

ಫೋನ್ ಮಾಡಿದಳು, ಸಿಗಲಿಲ್ಲ. ಸಿಗುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಮಾಡಿದಳು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಸ್ಕೂಟರ್ ಹತ್ತಿದಳು. ಪ್ರತಿ ತಿರುವಿನಲ್ಲೂ, ಆಚೆ ಟ್ಯಾಂಕು ಕಾಣದೇ ಹೋದರೆ ಎಂದು ಹೆದರಿ ಹೆದರಿ ತಿರುಗಿಸಿದಳು.

ಟ್ಯಾಂಕು ಇತ್ತು. ಅದರ ನೆತ್ತಿಯ ಮೇಲೆ ಅವನು ರಿಮೋಟಿನ ಮೇಲೆ ತಲೆ ಬಗ್ಗಿಸಿಕೊಂಡು ಕೂತಿದ್ದ. ಕೂಗಿದಳು. ಅವಳ ಕೂಗನ್ನು ಪಂಪಿನ ಸದ್ದು ನುಂಗಿತು. ನೀರು ಬಿಡುವವನ ತೋಳು ಹಿಡಿದು, “ಪಂಪ್ ನಿಲ್ಲಿಸಿ, ಟ್ಯಾಂಕು ವಾಲ್ತಿದೆ” ಎಂದಳು.

“ಅಯ್ಯೋ, ಅದು ನಾನು ಕೆಲಸಕ್ಕೆ ಬಂದಾಗಿಂದ ಹಾಗೇ ಇದೆಯಮ್ಮ” ಎಂದ ಅವನು. ಆದರೂ ಅವಳ ಮುಖ ನೋಡಿ ಪಂಪ್ ಮನೆಗೆ ಓಡಿದ.

ಪಂಪ್ ನಿಂತೀತು ಎಂದು ಕಾಯುವಷ್ಟು ಜೀವ ಅವಳಲ್ಲಿ ಉಳಿದಿರಲಿಲ್ಲ. ಹಾರಿಸುವವನು ನೆಲ ನೋಡುವುದಿಲ್ಲ, ಪರದೆ ನೋಡುತ್ತಾನೆ. ಅವಳು ಡ್ರೋನ್ ಹುಡುಕಿ, ಅದರ ಕಣ್ಣೆದುರು ನಡುಬೀದಿಯಲ್ಲಿ ನಿಂತು, ಅಂಗೈ ಮಗುಚಿ ಕೆಳಗೆ ಒತ್ತಿ ಒತ್ತಿ ತೋರಿಸಿದಳು. ಇಳಿ, ಇಳಿ.

ಡ್ರೋನ್ ಇಳಿಯಿತು.

ಆಗ ಅವಳಿಗೆ ಹೊಳೆಯಿತು, ಅದು ಡ್ರೋನ್ ಇಳಿಸು ಎನ್ನಲು ತಾನೇ ಕಲಿಸಿದ ಸನ್ನೆ. ಹೇಳಿದಂತೆ ಕೇಳುವ ಹುಡುಗ ಡ್ರೋನನ್ನು ಅವಳ ಮುಖದ ಮಟ್ಟಕ್ಕೆ ತಂದು ನಿಲ್ಲಿಸಿ ತಾನು ಅಲ್ಲೇ ಕೂತಿದ್ದ. ಅವಳಿಗೆ ದುಃಖ ಒತ್ತರಿಸಿ ಬಂತು. ಅತ್ತೆ ಹೋದ ದಿನವೂ ಅವನೆದುರು ಅಳದೆ ಹಲ್ಲು ಕಚ್ಚಿದ್ದವಳು, ಆ ಗಾಜಿನ ಕಣ್ಣಿನ ಮುಂದೆ ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು.

ಡ್ರೋನ್ ಗಾಳಿಯಲ್ಲೇ ನಿಂತಿತ್ತು. ಮೇಲೆ ಕಂಬಿಯ ಅಂಚಿನಲ್ಲಿ ಅವನ ತಲೆ ಕಾಣಿಸಿ ಮಾಯವಾಯಿತು. ಮರುಕ್ಷಣ ಅವನು ಏಣಿಯ ಮೆಟ್ಟಿಲುಗಳನ್ನು ಹಾರಿ ಹಾರಿ ಇಳಿಯುತ್ತಿದ್ದ. ಮನೆಯಲ್ಲಿ ಏನಾಯ್ತು, ಯಾರಿಗೇನಾಯ್ತು ಎಂದು ಕೇಳುತ್ತಲೇ ಬಂದ. ಅವಳು ಅವನ ರಟ್ಟೆ ಹಿಡಿದು ಬೀದಿಯ ಕೊನೆಯವರೆಗೂ ದರದರನೆ ಎಳೆದುಕೊಂಡು ಹೋದಳು. ನೀರು ಬಿಡುವವನು ಬಾಗಿಲು ಬಾಗಿಲು ಬಡಿದು ಜನರನ್ನು ಹೊರಗೆ ಕರೆಯುತ್ತಿದ್ದ.

ಎಲ್ಲರೂ ದೂರ ಬಂದು ನಿಂತ ಮೇಲೆ ಹಿಂದೆ ಏನೋ ಲಟಕ್ಕೆಂದಿತು. ಏಣಿ ಕಿತ್ತು ಬಿತ್ತು, ಅದರ ಹಿಂದೆಯೇ ನೆತ್ತಿಯ ಕಂಬಿ, ಆಮೇಲೆ ಅವನು ಕೂತಿದ್ದ ಮೂಲೆ. ಧೂಳು ಬೀದಿಯನ್ನೆಲ್ಲ ಮುಚ್ಚಿತು.

ಅವನ ಕೈ ಇನ್ನೂ ಅವಳ ಹಿಡಿತದಲ್ಲೇ ಇತ್ತು. ಅದು ಈಗ ಗಡಗಡ ನಡುಗುತ್ತಿತ್ತು.

“ನೆಲ ಡೊಂಕೇ ಇತ್ತು ಕಣೋ” ಎಂದಳು ಅತ್ತಿಗೆ.