ಬೆನ್ನು ಮುಚ್ಚಿದ ಮೈಕು

ಪ್ರಯೋಗಾಲಯದಲ್ಲಿ ಅವಳಿಗೆ ‘ನೊಣ’ ಎಂದೇ ಹೆಸರು. ಒಂದು ಜಾತಿಯ ನೊಣ ಸದ್ದು ಯಾವ ದಿಕ್ಕಿನದೆಂದು ಥಟ್ಟನೆ ಹಿಡಿಯುತ್ತದೆ. ಅದರ ಕಿವಿ ನೋಡಿಕೊಂಡು ಸಾಸಿವೆ ಕಾಳಿನಷ್ಟು ಮೈಕು ಮಾಡಲು ಹೊರಟವಳಿಗೆ ಬೇರೆ ಹೆಸರು ಇಟ್ಟಾರೆಯೇ? ಒಳಗೊಂದು ತೂಗುವ ತೆಳು ಹಾಳೆ. ಸದ್ದಿಗೆ ಅದು ಬಾಗಿದರೆ ಅದರ ಮೇಲಿನ ಪೀಜೋ ಪದರ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಎದುರಿನ ಮಾತು ಜೋರಾಗಿ, ಅಕ್ಕಪಕ್ಕದ ಗದ್ದಲ ಮೆಲ್ಲಗೆ ಕೇಳಬೇಕು, ಅಷ್ಟೆ.

ಇದೆಲ್ಲ ಅಕ್ಕನಿಗಾಗಿ. ಶ್ರವಣಯಂತ್ರ ಹಾಕಿದರೂ ಊಟದ ಮೇಜಿನ ಸುತ್ತ ನಾಲ್ಕು ಜನ ಬಾಯಿ ಬಿಟ್ಟರೆ ಅವಳಿಗೆ ಎಲ್ಲವೂ ಕಲಸುಮೇಲೋಗರ. ಈಚೆಗೆ ಒಳಕೋಣೆಯಲ್ಲಿ ಒಬ್ಬಳೇ ಉಣ್ಣತೊಡಗಿದ್ದಳು. ತಂಗಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆದರೆ ಮೈಕು ಹಟ ಹಿಡಿದಿತ್ತು. ಹೇಗೆ ತಿರುಗಿಸಿದರೂ ಕಂಪ್ಯೂಟರ್ ಪರದೆಯ ಮೇಲೆ ಅದೇ ದುಂಡು ವೃತ್ತ. ಅದಕ್ಕೆ ಎಲ್ಲ ದಿಕ್ಕೂ ಒಂದೇ. ಇವತ್ತೂ ಆಗದಿದ್ದರೆ ಕೆಲಸ ಕಟ್ಟಿಡಿ ಎಂದು ಮೇಲಧಿಕಾರಿ ಖಡಾಖಂಡಿತವಾಗಿ ಹೇಳಿದ್ದರು.

ಮೈಕು ಕೂತ ಹೊಸ ಚಿಪ್ಪನ್ನು ಸರ್ಕ್ಯೂಟ್ ಹಲಗೆಗೆ ಅಂಟಿಸಲು ಹೋದವಳ ಕೈ ತಟ್ಟನೆ ನಿಂತಿತು. ಪ್ರಯೋಗಾಲಯದವರೆಲ್ಲ ಧೂಳೆಂದರೆ ಬೆಚ್ಚಿಬೀಳುವ ಜನ, ತೂತು ಕಂಡಲ್ಲಿ ಅಂಟು ಬಳಿಯುವುದೇ ಅಭ್ಯಾಸ. ಚಿಪ್ಪಿನ ಬೆನ್ನಿನ ತೂತಿಗೂ ಅವಳು ಪ್ರತಿ ಸಲ ಅದನ್ನೇ ಮಾಡಿದ್ದಳು. ದಿಕ್ಕು ತಿಳಿಯಬೇಕಾದರೆ ಸದ್ದು ಹಾಳೆಯ ಎರಡೂ ಮುಖಕ್ಕೆ ತಾಗಬೇಕಲ್ಲ! ದಾರಿ ತಾನೇ ಮುಚ್ಚಿ, ಪಾಪದ ಮೈಕನ್ನು ಬೈಯುತ್ತ ಕೂತಿದ್ದಳು.

ಹಲಗೆಗೆ ತೂತು ಕೊರೆದಳು, ಧೂಳಿಗೆ ತೆಳು ಜಾಲರಿ ಹಾಕಿದಳು, ಮೈಕನ್ನು ಮತ್ತೆ ತಿರುಗಿಸಿದಳು. ಪರದೆಯ ವೃತ್ತ ನಡುವೆ ಸೊರಗಿ ಸೊರಗಿ ಇಂಗ್ಲಿಷ್ ಎಂಟರ ಅಂಕಿಯಾಯಿತು: ಎದುರಿನ ಸದ್ದು ಜೋರು, ಅಕ್ಕಪಕ್ಕದ್ದು ಮೆಲ್ಲಗೆ. ಮೇಲಧಿಕಾರಿ ಕುರ್ಚಿ ಹತ್ತಿರ ಎಳೆದುಕೊಂಡು ಇನ್ನೊಮ್ಮೆ ತೋರಿಸಲು ಹೇಳಿದರು. ಆಮೇಲೆ ಇನ್ನೊಮ್ಮೆ. ಅವಳಿಗೆ ಕುಣಿಯುವಷ್ಟು ಖುಷಿ.

ಸಂಜೆ ವೈರು, ಬ್ಯಾಟರಿ ಸಮೇತ ಮೈಕನ್ನು ಅಕ್ಕನ ಕಿವಿಯ ಶ್ರವಣಯಂತ್ರಕ್ಕೆ ಸೇರಿಸಿ, ಕೈಹಿಡಿದು ಮೇಜಿಗೆ ಕರೆತಂದಳು. ಎಡಬಲದಲ್ಲಿ ಮಕ್ಕಳಿಬ್ಬರು ಕಿತ್ತಾಡುತ್ತಿದ್ದರು. ಎದುರಿಗಿದ್ದ ಭಾವ ಎಂದಿನಂತೆ ಒಂದು ಜೋಕು ಹೊಡೆದರು. ಎಲ್ಲರೂ ಗೊಳ್ಳೆಂದರು. ಅಕ್ಕ ನಗಲಿಲ್ಲ. ಮೈಕು ಮತ್ತೆ ಕೈಕೊಟ್ಟಿತೇ ಎಂದು ತಂಗಿ ವೈರು ಮುಟ್ಟಿ ನೋಡಿದಳು.

ಅಕ್ಕ ಗಂಡನನ್ನೇ ದಿಟ್ಟಿಸಿ ನೋಡಿದಳು.

“ಇಷ್ಟು ವರ್ಷ ಇಂಥದ್ದಕ್ಕೇನ್ರೀ ನಾನು ನಿಮ್ಮೆಲ್ಲರ ಮುಖ ನೋಡ್ಕೊಂಡು ನಗ್ತಿದ್ದಿದ್ದು?”

ಭಾವನ ಮುಖ ಪೆಚ್ಚಾಯಿತು. ತಂಗಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಹೇಳಿ ಭಾವ ಎಂದು ದುಂಬಾಲು ಬಿದ್ದಳು.