ಬಾರದ ಅತಿಥಿಯ ಭಾಷಣ

"ಪೇಪರ್ ನೋಡಿದ್ಯೇನೆ?" ಹೊನ್ನಾಳಿಯಲ್ಲಿ ಬಸ್ಸಿನಿಂದ ಇಳಿಯುತ್ತಿದ್ದ ಮಮತಾಳ ಫೋನಿನಲ್ಲಿ ಸಂಧ್ಯಾರಾಣಿಯ ಧ್ವನಿ. "ನಿನ್ನೆ ಮುಖ್ಯ ಅತಿಥಿಗಳು ಬರ್ಲೇ ಇಲ್ಲ ಕಣೇ. ಮಾತಾಡಿದ್ರು ಅಂತ ಅಚ್ಚಾಗೈತೆ!"

ಮಮತಾ ನಿಲ್ದಾಣದ ಕಂಬಕ್ಕೆ ಒರಗಿ ನಿಂತಳು.

ಪತ್ರಿಕೋದ್ಯಮ ಎಂ.ಎ. ವಿಭಾಗದ ವಿದ್ಯಾರ್ಥಿ ಸಂಘಕ್ಕೆ ಅವಳು ಸೇರಿ ಹದಿನೈದು ದಿನವಾಗಿತ್ತು. ಅಧ್ಯಕ್ಷೆ ಸಂಧ್ಯಾರಾಣಿಯೇ ಅವಳನ್ನು ಪ್ರಚಾರ ಕಾರ್ಯದರ್ಶಿ ಮಾಡಿದ್ದಳು. ನ್ಯಾಮತಿಯ ಆಚೆಗಿದ್ದ ಅವಳ ಊರಿಗೆ ನಾಲ್ಕು ಗಂಟೆಯದೇ ಕೊನೆಯ ಬಸ್ಸು. ಅದಕ್ಕೆ ಬರುವುದಾದರೆ ಮಾತ್ರ ಸಂಘ ಗಿಂಘ ಎಂದು ಅಪ್ಪ ಒಪ್ಪಿದ್ದ. ನಿನ್ನೆ ಮೂರಕ್ಕೆ ಇದ್ದ ಸಂಘದ ಉದ್ಘಾಟನೆ ಮೂರೂವರೆಯಾದರೂ ಶುರುವಾಗಿರಲಿಲ್ಲ. ಅವಳು ಆಹ್ವಾನ ಪತ್ರಿಕೆಯನ್ನು ಮುಂದಿಟ್ಟುಕೊಂಡು, ಅತಿಥಿಗಳು ಏನು ಹೇಳಬಹುದೋ ಅದನ್ನೇ ಹೇಳಿದರೆಂದು ಬರೆದು, ಕೊನೆಗೆ ಎಂಟು ಹೆಸರು ಪೋಣಿಸಿ 'ಇದ್ದರು' ಎಂದು ಮುಗಿಸಿ, ಪತ್ರಿಕೆಗೆ ಕಳಿಸಿ ಬಸ್ಸು ಹತ್ತಿದ್ದಳು.

"ಮತ್ತೆ ಮಾತಾಡಿದ್ದು ಯಾರು?"

"ಬಸ್ ಸ್ಟ್ಯಾಂಡಿನ ಪೇಪರ್ ಓಬಳಪ್ಪ. ಬೇರೆ ಯಾರೂ ಸಿಗ್ಲಿಲ್ಲ, ಹುಡುಗ್ರು ಹೋಗಿ ಕರ್ಕಂಡು ಬಂದ್ರು. ಅರ್ಧ ಗಂಟೆ ಮಾತಾಡ್ದ. ನೋಡು, ಸರ್ ಕೇಳಿದ್ರೆ ಪತ್ರಿಕೆಯೋರ ತಪ್ಪು ಅಂದ್ಬಿಡು. ಇಲ್ಲಾಂದ್ರೆ ನಿನ್ನ ಕಾರ್ಯದರ್ಶಿ ಸ್ಥಾನ ಉಳಿಯಾಕಿಲ್ಲ."

ಓಬಳಪ್ಪ ಪತ್ರಿಕೆ ಮಾರುವ ಜಾಗ ಹತ್ತು ಹೆಜ್ಜೆ ದೂರದಲ್ಲಿತ್ತು. ಮೂವತ್ತು ವರ್ಷದಿಂದ ಅಲ್ಲೇ ಕೂರುವ ಮನುಷ್ಯ ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಪತ್ರಿಕೆಯೊಂದನ್ನು ತೊಡೆಯ ಮೇಲೆ ಹರವಿಕೊಂಡು ಸಾಲಿನ ಮೇಲೆ ಬೆರಳಾಡಿಸುತ್ತಿದ್ದ.

"ಬಾರವ್ವ. ನಿಮ್ ಸಂಘದ್ದು ಬಂದೈತೆ ನೋಡು. ಬಂದೇ ಇಲ್ಲದ ಸಾಹೇಬ್ರು ಎಷ್ಟು ಚಂದ ಮಾತಾಡ್ಯಾರೆ!" ಎಂದು ನಕ್ಕ. ನಗು ಬೇಗ ಮುಗಿಯಿತು. "ನಮ್ ಮನೆಯಾಕೆ ಅಜ್ಜಮ್ಮ ಬೆಳಗ್ಗೆನೇ ಬೀದಿಗೆಲ್ಲ ಹೇಳ್ಕಂಡು ಬಂದಾಳೆ, ಪೇಪರ್‌ನಾಗೆ ನಮ್ಮೋರ ಹೆಸ್ರು ಬರ್ತೈತೆ ಅಂತ. ಈಗ ಮನೆಗೆ ಹೆಂಗೆ ಹೋಗಾಕೆ ಹೇಳು? ಯಾವ ಪುಣ್ಯಾತ್ಮ ಬರ್ದನೋ."

ಮಮತಾ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನೇ ಬರ್ದಿದ್ದು, ಓಬಳಪ್ಪಣ್ಣ. ಕಾರ್ಯಕ್ರಮ ಶುರುವಾಗಾಕೆ ಮುಂಚೆನೇ."

ಓಬಳಪ್ಪನ ಬೆರಳು ನಿಂತಿತು. ಅವನು ಪತ್ರಿಕೆಯನ್ನು ನಿಧಾನವಾಗಿ ಮಡಚಿದ.

"ನೀನು ಅಲ್ಲಿ ಇದ್ದಿಲ್ವಾ?"

"ಬಸ್ಸಿಗೆ ಹೋಗ್ಬಿಟ್ಟಿದ್ದೆ."

"ನಾಳೆ ಸರಿಮಾಡಿ ಹಾಕ್ತಾರಾ?"

"ತಪ್ಪು ನಂದೇ ಅಂತ ಬರ್ಕೊಟ್ರೆ ಹಾಕ್ತಾರೆ."

"ಕೊಡ್ತೀಯಾ?"

ಅವಳ ಕೈಯಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಸಂಧ್ಯಾರಾಣಿಯೇ. ಮಮತಾ ಅದನ್ನು ಬ್ಯಾಗಿಗೆ ಹಾಕಿದಳು.

"ಕೊಡ್ತೀನಿ. ಆದ್ರೆ ನೀವು ಏನು ಮಾತಾಡಿದ್ರಿ ಅಂತ ನಂಗೆ ಗೊತ್ತಿಲ್ಲ."

"ಅದೊಂದು ಸರಿ ಹೇಳಿದೆ ನೋಡು," ಎಂದ ಓಬಳಪ್ಪ. ಪತ್ರಿಕೆಯ ಕಟ್ಟೊಂದನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. "ಕುಂತ್ಕ. ಬರ್ಕ. ಈ ಸಲ ಪೂರ್ತಿ ಕೇಳಿ ಬರ್ಕ."

ಅವಳು ಕೂತು ನೋಟ್‌ಬುಕ್ ತೆಗೆದಳು. ಅವನು ಎದ್ದು ಅಂಗಿಯ ಮುಂಭಾಗವನ್ನು ಎಳೆದು ಸರಿಮಾಡಿಕೊಂಡು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಒಂದು ಸಲ ಕೆಮ್ಮಿದ.

"ವೇದಿಕೆ ಮ್ಯಾಲಿರೋ ಗಣ್ಯರೇ..."

ಪತ್ರಿಕೆಗೆಂದು ಕೈ ಚಾಚಿದ್ದ ಮುದುಕನೊಬ್ಬ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಚೀಲವನ್ನು ಕಾಲ ಬಳಿ ಇಟ್ಟು ನಿಂತ.